ಹೊಳೆ ಬರುವುದಕ್ಕೆ ಒಂದು ದಿನ ಮುಂಚೆ

ಹೊಳೆದಂಡೆಯ ಹೈಸ್ಕೂಲ್ ಮಕ್ಕಳೇ,

ನಿಮ್ಮಲ್ಲಿ ದೊಡ್ಡವರಿಗೆ 2019ರ ಆಗಸ್ಟ್ ಮಸುಕಾಗಿಯಾದರೂ ನೆನಪಿರಬೇಕು. ಪಕ್ಕದೂರಿನ ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರ, ಬೆಂಚುಗಳನ್ನು ಜೋಡಿಸಿ ಮಲಗಿದ ರಾತ್ರಿ, ಊರಿಗೆ ಮರಳಿದಾಗ ಕಂಡ ಗೋಡೆಯ ಮೇಲಿನ ರಾಡಿಯ ಗೆರೆ. ಆ ಸಲ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳನ್ನೂ ಬಿಡಲಿಲ್ಲ. ಅದಕ್ಕೂ ಹತ್ತು ವರ್ಷ ಹಿಂದಿನ, 2009ರ ನೆರೆಯ ಕತೆ ಅಪ್ಪ-ಅವ್ವನ ಬಾಯಲ್ಲಿ ಕೇಳಿದ್ದೀರಿ.

‘ರಾತ್ರೋರಾತ್ರಿ ಹೊಳೆ ಬಂತು’ ಅನ್ನುವುದನ್ನೂ ಕೇಳಿದ್ದೀರಿ. ಹಿರಿಯರು ಹೇಳಿದರೆಂದು ತಲೆಯಾಡಿಸಬೇಡಿ. ಕೃಷ್ಣೆಯ ಮಟ್ಟಿಗೆ ಆ ಮಾತು ಪೂರ್ತಿ ನಿಜವಲ್ಲ. ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ಬಿಟ್ಟ ನೀರು ಕರಾಡ, ಸಾಂಗಲಿ ದಾಟಿ, ರಾಜಾಪುರ ಬ್ಯಾರೇಜ್ ಹಾದು ಚಿಕ್ಕೋಡಿ ಸೀಮೆಗೆ ಬರಲು ಒಂದು ದಿನವಾದರೂ ಹಿಡಿಯುತ್ತದೆ. ಆ ಒಂದು ದಿನವನ್ನು ಏನು ಮಾಡುತ್ತೀರಿ ಅನ್ನುವುದೇ ನನ್ನ ಪ್ರಶ್ನೆ.

ಪೇಪರಿನಲ್ಲಿ ‘ರಾಜಾಪುರದಿಂದ ಇಷ್ಟು ಕ್ಯೂಸೆಕ್’ ಎಂದು ಬಂದಾಗ ಮನೆಯಲ್ಲಿ ಓದುವವರು ಓದುತ್ತಾರೆ, ಅರ್ಥವಾಗದೆ ಮಡಚಿಡುತ್ತಾರೆ. ಎಂಟನೆಯ ತರಗತಿಯ ಗಣಿತ ಬಂದರೆ ಸಾಕು, ಅರ್ಥವಾಗುತ್ತದೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಐದು ಲಕ್ಷ ಹರಿದರೆ 43 ಟಿಎಂಸಿ. ಆಲಮಟ್ಟಿ ಜಲಾಶಯ ಹಿಡಿಯುವುದೇ ಸುಮಾರು 123 ಟಿಎಂಸಿ. ಬರಿದಾಗಿದ್ದರೂ ಮೂರು ದಿನಕ್ಕೆ ತುಂಬೀತು; ಆಗಸ್ಟ್ ಹೊತ್ತಿಗೆ ಅದು ಬರಿದಾಗಿರುವುದು ಅಪರೂಪ. ಒಳಗೆ ಬಂದದ್ದನ್ನು ಹೊರಗೆ ಬಿಡಲೇಬೇಕು. ಈ ಲೆಕ್ಕವನ್ನು ಒಂದು ಸಲ ಬೋರ್ಡಿನ ಮೇಲೆ ಮಾಡಿಸಿ ಎಂದು ನಿಮ್ಮ ಗಣಿತದ ಮೇಷ್ಟ್ರಿಗೆ ಗಂಟು ಬೀಳಿ. ನಲ್ಲಿಯಿಂದ ತೊಟ್ಟಿ ತುಂಬುವ ಲೆಕ್ಕಕ್ಕಿಂತ ಇದು ನಿಮಗೆ ಹೆಚ್ಚು ಬೇಕಾದದ್ದು.

ಎಲ್ಲ ಹೊಳೆಯೂ ಕೃಷ್ಣೆಯಷ್ಟು ಪುರುಸೊತ್ತು ಕೊಡುವುದಿಲ್ಲ. ಮಲಪ್ರಭೆಯವರು ನವಿಲುತೀರ್ಥ ಜಲಾಶಯದ ಗೇಟಿನ ಮೇಲೆ ಕಣ್ಣಿಡಬೇಕು. ಬರಗಾಲದ ವರ್ಷಗಳಲ್ಲಿ ಪಾತ್ರದೊಳಗೇ ಹೊಲ ಮಾಡಿಕೊಂಡಿದ್ದೇವೆ, ಹೊಳೆಗೆ ಜಾಗ ಉಳಿದಿಲ್ಲ. (ಅದು ಯಾರ ಹೊಲ ಎಂದು ಊರಲ್ಲಿ ಯಾರೂ ಕೇಳುವುದಿಲ್ಲ, ಬಿಡಿ.) ಬೆಣ್ಣಿಹಳ್ಳವಂತೂ ನೋಟಿಸ್ ಕೊಡುವ ಪೈಕಿಯೇ ಅಲ್ಲ. ಹುಬ್ಬಳ್ಳಿ ಕಡೆ ಸುರಿದರೆ ನವಲಗುಂದದ ಎರೆಹೊಲಕ್ಕೆ ಹನಿ ಬೀಳದೆಯೂ ನೀರು ಬರುತ್ತದೆ.

ಇನ್ನು ಸೇತುವೆಯ ಮಾತು. 2019ರಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ ಹುಡುಗನೊಬ್ಬ ಮುಳುಗಿದ ಸೇತುವೆಯ ಮೇಲೆ ಆಂಬುಲೆನ್ಸಿಗೆ ದಾರಿ ತೋರಿಸುತ್ತ ಓಡಿದ. ಆ ವಿಡಿಯೊ ನಾಡೆಲ್ಲ ನೋಡಿತು, ಅವನಿಗೆ ಶೌರ್ಯ ಪ್ರಶಸ್ತಿಯೂ ಬಂತು. ಆ ಮಗುವಿನ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ನೀವು ಹಾಗೆ ಓಡಬೇಡಿ. ನೀರು ರಾಡಿಯಾಗಿದ್ದಾಗ ಕೆಳಗೆ ಸೇತುವೆ ಇದೆಯೋ, ಕೊಚ್ಚಿ ಹೋಗಿದೆಯೋ ಕಣ್ಣಿಗೆ ಕಾಣುವುದಿಲ್ಲ. ರಭಸದಿಂದ ಹರಿಯುವ ಆರಿಂಚು ನೀರು ದೊಡ್ಡವರ ಕಾಲನ್ನೂ ಕೀಳಬಲ್ಲದು, ಎರಡಡಿ ನೀರು ಜೀಪನ್ನೂ ಸೆಳೆದೊಯ್ಯಬಲ್ಲದು. ಬೈಕಿನ ಮಾತು ಬೇಡವೇ ಬೇಡ. ಅಂಥ ಸೇತುವೆಗೆ ಎರಡೂ ಕಡೆ ಅಡ್ಡಗಟ್ಟಿ ವಾಹನ ತಡೆಯಬೇಕಾದದ್ದು ದೊಡ್ಡವರು. ಹನ್ನೆರಡು ವರ್ಷದ ಹುಡುಗ ನೀರಿಗಿಳಿಯುವ ಪ್ರಸಂಗವೇ ಬರಬಾರದಿತ್ತು. ನಾವು ಚಪ್ಪಾಳೆ ತಟ್ಟುವುದರಲ್ಲಿ ಅದನ್ನು ಮರೆತೆವು.

ನಿಮ್ಮಿಂದ ಆಗುವ, ಆದರೆ ಯಾರೂ ವಿಡಿಯೊ ಮಾಡದ ಕೆಲಸ ಬೇರೆಯೇ ಇದೆ. ನೀರು ಅಂಗಳಕ್ಕೆ ಬಂದರೂ ಅಜ್ಜ ಮನೆ ಬಿಟ್ಟು ಏಳುವುದಿಲ್ಲ. ಹಟಮಾರಿ ಎಂದು ಬೈಯುತ್ತೀರಿ. ಅಜ್ಜನ ಕಣ್ಣು ಎಲ್ಲಿದೆ ನೋಡಿ: ದನದ ಕೊಟ್ಟಿಗೆಯಲ್ಲಿ. ‘ದನಾ ಬಿಟ್ಟು ಹ್ಯಾಂಗ ಬರ್ಲಿ?’ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕದೆ ಬೋಟು ಬಂದರೂ ಅಜ್ಜ ಹತ್ತುವುದಿಲ್ಲ. ಹೊಳೆ ಏರುತ್ತಿದೆ ಎಂಬ ಸುದ್ದಿ ಬಂದ ದಿನವೇ ಎಮ್ಮೆ, ಎತ್ತು, ಆಡುಗಳನ್ನು ಮಡ್ಡಿಗೆ ಹೊಡೆದುಕೊಂಡು ಹೋಗಿ ಕಟ್ಟಿ, ಎರಡು ದಿನದ ಮೇವು ಹಾಕಿ ಬನ್ನಿ. ಸಂಜೆ ಅಜ್ಜನೇ ಕೋಲು ಹಿಡಿದು ಹೊರಡುತ್ತಾನೆ. ಆಧಾರ್, ರೇಷನ್ ಕಾರ್ಡು, ಹೊಲದ ಉತಾರ, ನಿಮ್ಮ ಅಂಕಪಟ್ಟಿಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ‘ಡ್ಯಾಂ ಒಡೀತಂತ’ ಎಂದು ವಾಟ್ಸ್‌ಆಪ್‌ನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸುವ ಮೊದಲು 1077ಕ್ಕೆ ಫೋನ್ ಮಾಡಿ ಕೇಳಿ. ಅದು ಜಿಲ್ಲಾ ವಿಪತ್ತು ಸಹಾಯವಾಣಿ.

ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಒಂದು ಕೆಲಸ ಮಾಡಿ. ನಾಲ್ಕೈದು ಜನ ಸೇರಿ ಓಣಿ ಓಣಿ ತಿರುಗಿ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ, ಆ ಮಟ್ಟಕ್ಕೆ ಕಂಬಕ್ಕೋ ಗೋಡೆಗೋ ಬಣ್ಣದ ಗೆರೆ ಎಳೆಯಿರಿ. ನಡೆಯಲಾಗದ ಮುದುಕರು, ಬಸುರಿಯರು, ಹಸಿ ಬಾಣಂತಿಯರು ಯಾವ ಮನೆಯಲ್ಲಿದ್ದಾರೆ, ಯಾರ ಮನೆಯ ಟ್ರ್ಯಾಕ್ಟರ್ ಅವರನ್ನು ಕರೆದೊಯ್ಯಬಲ್ಲದು ಎಂದು ಬರೆದುಕೊಳ್ಳಿ. ಒಂದು ಪ್ರತಿ ಪಿಡಿಒ ಸಾಹೇಬರ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ, ಇನ್ನೊಂದು ಶಾಲೆಯ ನೋಟಿಸ್ ಬೋರ್ಡಿನಲ್ಲಿರಲಿ.