ಲಾಲ್‌ಬಾಗ್ ಬಂಡೆಯ ವಯಸ್ಸು ಹೇಳಿದ್ದು ಯಾರು?

ಕ್ಲಬ್ಬಿನವರೆಲ್ಲ ಲಾಲ್‌ಬಾಗ್‌ಗೆ ಹೋಗಿದ್ವಿ. ಕೆಂಪೇಗೌಡ ಗೋಪುರದ ಬಂಡೆ ಮೇಲೆ ಕೂತಿದ್ದಾಗ ಒಬ್ಬ ಹೈಸ್ಕೂಲ್ ಹುಡುಗ ಬಂದು, "ಅಣ್ಣಾ, ಈ ಬಂಡೆಗೆ 300 ಕೋಟಿ ವರ್ಷ ಅಂತ ಹೆಂಗೆ ಗೊತ್ತಾಯ್ತು?" ಅಂತ ಕೇಳಿದ. "ಕಾರ್ಬನ್ ಡೇಟಿಂಗ್" ಅಂತ ಎಲ್ಲರೂ ಒಟ್ಟಿಗೆ ಹೇಳಿಬಿಟ್ವಿ. ಅವನು ನಂಬಿಕೊಂಡು ಹೋದ. ವಾಪಸ್ ಬರುವಾಗ ಬಸ್ಸಲ್ಲಿ ಲೆಕ್ಕ ಹಾಕಿದ್ರೆ ನಮ್ಮ ಉತ್ತರ ಪೂರ್ತಿ ತಪ್ಪು. ಪಿಯುಸಿ ಬಯಾಲಜಿಯಲ್ಲಿ ಇದೇ ಪಾಠಕ್ಕೆ ಫುಲ್ ಮಾರ್ಕ್ಸ್ ತಗೊಂಡವರು ನಾವು! ಅವನು ಮತ್ತೆ ಸಿಗೋದು ಕಷ್ಟ, ಅದಕ್ಕೇ ಇಲ್ಲಿ ಬರೀತಿದ್ದೀವಿ.

ಕಾರ್ಬನ್-14ರ ಲೆಕ್ಕ ನಡೆಯೋದು ಒಮ್ಮೆ ಜೀವ ಇದ್ದದ್ದಕ್ಕೆ ಮಾತ್ರ: ಮರ, ಮೂಳೆ, ಇದ್ದಿಲು. ಬಂಡೆ ಉಸಿರಾಡಿಲ್ಲ, ಊಟ ಮಾಡಿಲ್ಲ. ಅದೂ ಅಲ್ಲದೆ ಇದರ ಅರ್ಧಾಯುಷ್ಯ, ಅಂದ್ರೆ ಇದ್ದದ್ದು ಅರ್ಧಕ್ಕೆ ಇಳಿಯೋ ಕಾಲ, ಸುಮಾರು 5,730 ವರ್ಷ. ಹತ್ತು ಸಲ ಅರ್ಧ ಆದ್ರೆ ಉಳಿಯೋದು 1,024ರಲ್ಲಿ ಒಂದು ಪಾಲು. ಹಾಗಾಗಿ ಸುಮಾರು 50,000 ವರ್ಷ ದಾಟಿದ ಮೇಲೆ ಅಳೆಯೋಕೆ ಏನೂ ಸಿಗಲ್ಲ. ಭೂಮಿಯಷ್ಟೇ ತೂಕದ ಶುದ್ಧ ಕಾರ್ಬನ್-14 ಗುಂಡು ಇಟ್ರೂ 10 ಲಕ್ಷ ವರ್ಷದಲ್ಲಿ ಒಂದು ಪರಮಾಣು ಉಳಿಯೋದೂ ಅನುಮಾನ. ಕ್ಯಾಲ್ಕುಲೇಟರ್ ತೆಗೆದು ನೋಡಿ, ನಾವೂ ನಂಬಿರಲಿಲ್ಲ.

ಅಷ್ಟು ಹಳೇ ಕಲ್ಲಿಗೆ ನಿಧಾನವಾಗಿ ಓಡೋ ಗಡಿಯಾರ ಬೇಕು. ಅದು ಜಿರ್ಕಾನ್ ಅನ್ನೋ ಸಣ್ಣ ಹರಳಿನೊಳಗಿದೆ. ಕರಗಿದ ಶಿಲೆ ತಣಿದು ಈ ಹರಳು ಕಟ್ಟುವಾಗ ಯುರೇನಿಯಂ ಒಳಗೆ ಸೇರಿಕೊಳ್ಳುತ್ತೆ, ಸೀಸಕ್ಕೆ ಹೆಚ್ಚುಕಮ್ಮಿ ಪ್ರವೇಶವೇ ಇಲ್ಲ. ಹಾಗಾಗಿ ಈಗ ಅದರಲ್ಲಿರೋ ಸೀಸ ಬಹುಪಾಲು ಯುರೇನಿಯಂ ಕ್ಷಯಿಸಿ ಆದದ್ದೇ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. 300 ಕೋಟಿ ವರ್ಷದ ಹರಳಿನಲ್ಲಿ 100ಕ್ಕೆ ಸುಮಾರು 63 ಉಳಿದು 37 ಸೀಸವಾಗಿರುತ್ತೆ. ಯುರೇನಿಯಂ-235 ಬೇಗ ಓಡುತ್ತೆ, 70 ಕೋಟಿ ವರ್ಷಕ್ಕೇ ಅರ್ಧ. ಒಂದೇ ಹರಳಿನಲ್ಲಿ ಎರಡು ಗಡಿಯಾರ! ಎರಡೂ ಒಂದೇ ಉತ್ತರ ಕೊಟ್ರೆ ಆ ವಯಸ್ಸನ್ನ ನಂಬಬಹುದು. ಒಂದಕ್ಕೊಂದು ತಾಳೆಯಾಗದಿದ್ರೆ ಮಧ್ಯೆ ಬಿಸಿಯಾಗಿಯೋ ಬೇರೆ ಕಾರಣಕ್ಕೋ ಸೀಸ ಸೋರಿರಬಹುದು.

ಪಳೆಯುಳಿಕೆ ಕಥೆ ಬೇರೆ. 1974ರಲ್ಲಿ ಇಥಿಯೋಪಿಯಾದ ಹದಾರ್‌ನಲ್ಲಿ ಸಿಕ್ಕಿದ 'ಲೂಸಿ'ಗೆ ಸುಮಾರು 32 ಲಕ್ಷ ವರ್ಷ ಅಂತಾರಲ್ಲ, ಆ ಮೂಳೆಯನ್ನ ನೇರವಾಗಿ ಅಳೆದಿಲ್ಲ. ಅಳೆದದ್ದು ಪಕ್ಕದ ಜ್ವಾಲಾಮುಖಿ ಬೂದಿಯ ಪದರವನ್ನ. ಅದರ ಹರಳುಗಳಲ್ಲಿರೋ ಪೊಟ್ಯಾಸಿಯಂ-40 ನಿಧಾನವಾಗಿ ಆರ್ಗಾನ್ ಆಗುತ್ತೆ. ಶಿಲಾರಸ ಬಿಸಿಯಿದ್ದಾಗ ಹಳೇ ಆರ್ಗಾನ್ ಹೊರಗೆ ಹಾರಿಹೋಗುತ್ತೆ, ಅಲ್ಲಿಂದ ಗಡಿಯಾರ ಸೊನ್ನೆಯಿಂದ ಶುರು. ಮೂಳೆ ಕೆಳಗಿನ ಬೂದಿಗಿಂತ ಹೊಸದು, ಮೇಲಿನ ಬೂದಿಗಿಂತ ಹಳೇದು.