ಹಬ್ಬದ ಹೋರಿಗಳ ಸೌಮ್ಯ ಶಿಕ್ಷಣವೂ ಮನಸ್ವಾಸ್ಥ್ಯವೂ

ದೀಪಾವಳಿಯ ಪಾಡ್ಯದಿಂದ ಮೊದಲ್ಗೊಂಡು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಗ್ರಾಮಗಳಲ್ಲಿ ಹೋರಿ ಬೆದರಿಸುವ ಹಬ್ಬವು ನಡೆಯುವುದನ್ನು ವಾಚಕರು ಬಲ್ಲರು. ಕೊರಳಿಗೆ ಒಣಕೊಬ್ಬರಿಯ ಸರ, ಬೆನ್ನ ಮೇಲೆ ಝೂಲ, ಕೆಲವಕ್ಕೆ ಬಲೂನು ಕಟ್ಟಿದ ಎತ್ತರದ ಪೀಪಿ. ಇಂತು ಶೃಂಗರಿಸಿದ ಹೋರಿಯನ್ನು ಜನರ ನಡುವಣ ಓಣಿಯಲ್ಲಿ ಬಿಡುವರು. ತರುಣರು ಅದನ್ನು ತಡೆದು ಕೊಬ್ಬರಿಯನ್ನು ಹರಿದುಕೊಳ್ಳಲೆಳಸುವರು. ಯಾರ ಕೈಗೂ ಸಿಕ್ಕದೆ ಪಾರಾದ ಹೋರಿಗೆ ಬಹುಮಾನವು ಸಲ್ಲುವುದು. ಇಂತಹ ಹೋರಿಗೆ ತಿನ್ನಿಸತಕ್ಕ ಹುರುಳಿ, ಹತ್ತಿಕಾಳು, ಹಿಂಡಿಗಳ ವಿಚಾರವಾಗಿ ಮಾತು ಬಹಳವಾಗಿ ಕೇಳಬರುವುದು; ಅದರ ಮನಸ್ಸಿನ ವಿಚಾರವಾಗಿ ಮಾತ್ರ ಕಡಿಮೆ.

ಬೆದರಿದ ಹೋರಿಯೇ ಚೆನ್ನಾಗಿ ಓಡುವುದೆಂಬ ನಂಬಿಕೆಯು ನಮ್ಮಲ್ಲಿ ಬೇರೂರಿದೆ. ಇದು ಸರಿಯಲ್ಲ. ಭಯಗೊಂಡ ದನಕ್ಕೆ ದಾರಿಯ ಎಚ್ಚರವಿರದು. ಅದು ಓಣಿಯನ್ನು ಬಿಟ್ಟು ಜನರ ಮೇಲೆ ನುಗ್ಗುವುದು, ಕಲ್ಲುಗೋಡೆಗೆ ಹಾಯುವುದು, ಹೊಲದ ಒಡ್ಡಿನಲ್ಲಿ ಕಾಲು ಮುರಿದುಕೊಳ್ಳುವುದು. ಈ ಹಬ್ಬಗಳಲ್ಲಿ ನೋಡಲು ಬಂದವರು ಸಹ ಪ್ರಾಣ ಕಳೆದುಕೊಂಡುದುಂಟು. ಒಡೆಯನ ದನಿಯನ್ನು ನಂಬಿದ ಹೋರಿಯಾದರೋ ನೇರವಾಗಿ ಓಡಿ, ಓಣಿಯ ಕೊನೆಯಲ್ಲಿ ಅವನ ಕೂಗಿಗೆ ನಿಲ್ಲುವುದು. ಅಮೃತಮಹಲ್, ಹಳ್ಳಿಕಾರ, ಖಿಲಾರಿ ತಳಿಗಳು ಹುಟ್ಟಿನಿಂದಲೇ ಚುರುಕಾದವು, ಸಣ್ಣ ಸದ್ದಿಗೂ ಕಿವಿ ನಿಮಿರಿಸತಕ್ಕವು. ಇಂತಹ ಪ್ರಾಣಿಗೆ ಮತ್ತೂ ಬೆದರಿಕೆಯನ್ನು ಕಲಿಸುವುದು ಒಣಹುಲ್ಲಿನ ಬಣವಿಗೆ ಕಿಡಿ ತಾಗಿಸಿದಂತೆ.

ಶಿಕ್ಷಣ ಕೊಡುವವನು ದನದ ಇಂದ್ರಿಯಗಳನ್ನು ಮೊದಲು ಅರಿತಿರತಕ್ಕದ್ದು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಸುತ್ತಲಿನ ಬಹುಭಾಗವನ್ನು ತಲೆ ತಿರುಗಿಸದೆಯೇ ಕಾಣುವುದು. ಬೆನ್ನ ನೇರ ಹಿಂಬದಿಯು ಮಾತ್ರ ಕಾಣದು. ಆದುದರಿಂದ ಹಿಂದಿನಿಂದ ಮೆಲ್ಲಗೆ ಬಂದು ಮುಟ್ಟಕೂಡದು. ಕೆಂಪು ಬಣ್ಣಕ್ಕೆ ಹೋರಿಯು ಕೆರಳುವುದೆಂಬುದು ಬರಿಯ ಮಾತು. ಕೆಂಪನ್ನು ನಮ್ಮಂತೆ ಬೇರ್ಪಡಿಸಿ ನೋಡುವ ಶಕ್ತಿ ಅದಕ್ಕಿಲ್ಲ. ಅರಿವೆಯ ಥಟ್ಟನೆಯ ಬೀಸಾಟವೇ ಅದನ್ನು ಅಂಜಿಸುವುದು. ಕಿವಿಯು ನಮಗಿಂತ ಸೂಕ್ಷ್ಮ. ಮನುಷ್ಯನು ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗಿನ ನಾದವನ್ನು ಕೇಳಿದರೆ, ದನವು ಸುಮಾರು 35 ಸಾವಿರದವರೆಗೆ ಕೇಳುವುದು. ನಮಗೆ ವಿನೋದವಾದ ಸಿಳ್ಳು ಅದಕ್ಕೆ ಹಿಂಸೆಯಾಗಬಹುದು.

ಕ್ರಿ. ಪೂ. 4ನೆಯ ಶತಮಾನದಲ್ಲಿ ಗ್ರೀಕ್ ಸೇನಾನಿಯಾದ ಝೆನೊಫನ್ ಎಂಬವನು ಕುದುರೆಗಳನ್ನು ಪಳಗಿಸುವ ವಿಷಯವಾಗಿ ಒಂದು ಗ್ರಂಥವನ್ನು ಬರೆದಿರುವನು. ಕೋಪದಿಂದ ಕುದುರೆಯ ಹತ್ತಿರ ಹೋಗಬಾರದೆಂದೂ, ಯಾವುದಾದರೊಂದು ವಸ್ತುವಿಗೆ ಅದು ಬೆಚ್ಚಿದಾಗ ಹೊಡೆದರೆ ಆ ನೋವು ವಸ್ತುವಿನಿಂದಲೇ ಬಂದಿತೆಂದು ಬಗೆದು ಇಮ್ಮಡಿ ಅಂಜುವುದೆಂದೂ ಅವನ ಅಭಿಪ್ರಾಯ. ಹೋರಿಗೂ ಇದು ಅಕ್ಷರಶಃ ಸಲ್ಲುವುದು. ಪೀಪಿಯನ್ನು ಕಂಡು ಹಿಂಜರಿವ ಹೋರಿಗೆ ಬಾರುಕೋಲಿನ ಏಟು ಕೊಟ್ಟವನು ಪೀಪಿಯನ್ನು ಅದಕ್ಕೆ ಶಾಶ್ವತ ಶತ್ರುವನ್ನಾಗಿ ಮಾಡುವನು.

ಪಾಠವನ್ನು ಕರುವಿರುವಾಗಲೇ ತೊಡಗುವುದು ಯೋಗ್ಯವು. ಮೊದಲು ಪ್ರತಿದಿನ ಮೈ ತಿಕ್ಕುತ್ತ ಕೊರಳು, ಕೋಡಿನ ಬುಡ, ಕಾಲುಗಳನ್ನು ಮುಟ್ಟಿಸಿಕೊಳ್ಳುವ ರೂಢಿ ಮಾಡಿಸಬೇಕು. ಬಳಿಕ ಹಗ್ಗ. ಹಗ್ಗವನ್ನು ಮೆಲ್ಲಗೆ ಬಿಗಿಹಿಡಿದು, ಕರುವು ಒಂದು ಹೆಜ್ಜೆ ಮುಂದಿಟ್ಟ ಕ್ಷಣವೇ ಸಡಿಲಿಸತಕ್ಕದ್ದು. ಆ ಸಡಿಲಿಕೆಯೇ ಅದಕ್ಕೆ ಉತ್ತರ. ತಡವಾಗಿ ಸಡಿಲಿಸಿದರೆ ಯಾವ ನಡತೆಗೆ ಬಿಡುಗಡೆ ದೊರೆಯಿತೆಂಬುದು ಅದಕ್ಕೆ ತಿಳಿಯದು. ನಿಲ್ಲುವುದಕ್ಕೊಂದು, ಬರುವುದಕ್ಕೊಂದು ಶಬ್ದವನ್ನು ಗೊತ್ತುಮಾಡಿ, ಮನೆಯವರೆಲ್ಲರೂ ಅದನ್ನೇ ಬಳಸಬೇಕು. ತಂದೆಯದೊಂದು ಶಬ್ದ, ಮಗನದೊಂದು ಶಬ್ದವಾದರೆ ಹೋರಿಯು ಇಬ್ಬರನ್ನೂ ಕೇಳದು. ಪಾಠವು ಕಾಲು ತಾಸನ್ನು ಮೀರಬಾರದು. ಚೆನ್ನಾಗಿ ಮಾಡಿದಾಗ ಒಂದು ಚೂರು ಬೆಲ್ಲ ಸಾಕು. ಮೂಗು ಅತಿ ನವುರಾದ ಅಂಗವಾದ ಕಾರಣ ಮೂಗುದಾರವನ್ನು ಜಗ್ಗಿ ಕಲಿಸುವುದು ಸೋಮಾರಿಯ ಪದ್ಧತಿಯೆಂದೇ ಹೇಳಬೇಕು.

ಹಲಗೆಯ ಸದ್ದಿಗೆ ಒಗ್ಗಿಸುವುದೂ ಹೀಗೆಯೇ. ಮೊದಲ ದಿನ ಹಲಗೆಯನ್ನು ದೂರದ ಹೊಲದಲ್ಲಿ ಬಾರಿಸಿ, ಹೋರಿಯು ಮೇವು ತಿನ್ನುತ್ತಲೇ ಇದ್ದರೆ ಮರುದಿನ ಕೆಲವು ಮಾರು ಹತ್ತಿರ ಬರಬೇಕು. ಮೇವು ಬಿಟ್ಟು ತಲೆಯೆತ್ತಿದರೆ ಹಿಂದಕ್ಕೆ ಸರಿಯಬೇಕು. ಪೀಪಿಯನ್ನು ಗೋದಲಿಯ ಬಳಿ ನಿಲ್ಲಿಸಿ ಮೂಸಲು ಬಿಟ್ಟ ಮೇಲೆಯೇ ಮೈಗೆ ಕಟ್ಟತಕ್ಕದ್ದು. ಜನರಿಲ್ಲದ ಬೆಳಗಿನ ಹೊತ್ತಿನಲ್ಲಿ ಓಣಿಯನ್ನು ಹಲವು ಸಲ ನಡೆಸಿ ತೋರಿಸಬೇಕು.

ಹೋರಿಯ ಮನಸ್ಸು ನೆಮ್ಮದಿಯಾಗಿದೆಯೋ ಇಲ್ಲವೋ ಎಂಬುದನ್ನು ಮೆಲುಕು ಹೇಳುವುದು. ಸ್ವಸ್ಥವಾದ ದನವು ದಿನಕ್ಕೆ ಆರರಿಂದ ಎಂಟು ತಾಸು ಮೆಲುಕು ಹಾಕುವುದು. ಭಯದಲ್ಲಿ ಅದು ನಿಂತುಹೋಗುವುದು. ಕಣ್ಣಿನ ಬಿಳಿ ತೋರುವುದು, ಬಾಲವನ್ನು ಬಿಡದೆ ಬೀಸುವುದು, ಸೆಗಣಿ ತೆಳ್ಳಗಾಗುವುದು, ಇವು ಅಂಜಿಕೆಯ ಲಕ್ಷಣಗಳು. ದನವು ಹಿಂಡಿನ ಪ್ರಾಣಿ. ಜೂಜಿನ ಕುದುರೆಗಳನ್ನು ಹಗಲಿರುಳು ಒಂಟಿ ಲಾಯದಲ್ಲಿ ಕೂಡಿಟ್ಟರೆ ಕಟ್ಟಿಗೆ ಕಚ್ಚುವ, ನಿಂತಲ್ಲಿಯೇ ಎಡಬಲಕ್ಕೆ ತೂಗಾಡುವ ಚಟಗಳು ಹತ್ತುವುದನ್ನು ಪಶುವೈದ್ಯರು ಬಲ್ಲರು. ಬಹುಮಾನದ ಹೋರಿಯೆಂದು ಪ್ರತ್ಯೇಕ ಕೋಣೆಯಲ್ಲಿ ಕಟ್ಟುವ ಅಭಿಮಾನಿಗಳು ಇದನ್ನು ಲಕ್ಷಿಸಬೇಕು. ಪಕ್ಕದಲ್ಲಿ ಒಂದು ಆಕಳಿದ್ದರೂ ಸಾಕು.

ಇನ್ನು ಕಾನೂನು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮೊದಲಾದವನ್ನು ನಿಷೇಧಿಸಿತು. ಕಂಬಳ ಮತ್ತು ಹೋರಿಗಳ ಓಟಕ್ಕೆ ಎಡೆಕೊಟ್ಟ ಕರ್ನಾಟಕದ 2017ರ ತಿದ್ದುಪಡಿಯನ್ನು 2023ರ ಮೇ 18ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠವು ಎತ್ತಿಹಿಡಿಯಿತು. ಪ್ರಾಣಿಗೆ ಅನವಶ್ಯಕವಾದ ನೋವು ಕೂಡದೆಂಬ ನಿಬಂಧನೆಯ ಮೇಲೆಯೇ ಈ ಅನುಮತಿಯು ನಿಂತಿದೆ. ಸೆರೆ ಕುಡಿಸುವುದು, ಬಾಲ ತಿರುಚುವುದು, ಕಣ್ಣಿಗೆ ಖಾರದ ಪುಡಿ ತಾಗಿಸುವುದು ಇವೆಲ್ಲವೂ ದಂಡನೆಗೆ ಪಾತ್ರವಾದ ಕೃತ್ಯಗಳು. ಬ್ಯಾಡಗಿಯ ಮೆಣಸಿನಕಾಯಿ ಸಾರಿಗೆ ಬಣ್ಣ ಕೊಡಲಿ, ಅಷ್ಟೇ ಸಾಕು.

ಹಬ್ಬದ ದಿನ ಹೋರಿಯನ್ನು ನೆರಳಿನಲ್ಲಿ ನಿಲ್ಲಿಸಿ ನೀರು ಕುಡಿಸಿರಬೇಕು. ಒಂದು ಓಟವಾದ ಮೇಲೆ ಬಾಲದ ಬುಡದ ಕೆಳಗೆ ಬೆರಳಿಟ್ಟು ನಾಡಿ ನೋಡುವುದನ್ನು ಒಡೆಯನು ಕಲಿಯತಕ್ಕದ್ದು. ವಿಶ್ರಾಂತಿಯಲ್ಲಿ ಅದು ನಿಮಿಷಕ್ಕೆ ಸುಮಾರು 50ರಿಂದ 80. ನಾಡಿಯೂ ಉಸಿರೂ ಇಳಿಯುವವರೆಗೆ ಮತ್ತೆ ಬಿಡಕೂಡದು. ಓಣಿಯ ಬಾಯಲ್ಲಿ ಹೋರಿಯು ಕಾಲೂರಿ ನಿಂತು ಒಲ್ಲೆನೆಂದರೆ, ಪ್ರವೇಶ ಶುಲ್ಕ ಹೋದರೂ ಹೋಗಲಿ, ಮನೆಗೆ ಹಿಂದಿರುಗಿಸಬೇಕು. ಸಂಜೆ ಝೂಲವನ್ನು ಬಿಚ್ಚಿ, ಕೊಬ್ಬರಿ ಸರದ ದಾರವು ಕೊರಳನ್ನು ಕೊಯ್ದಿದೆಯೋ, ಮೂಗಿನಲ್ಲಿ ರಕ್ತವಿದೆಯೋ ಎಂದು ದೀಪ ಹಿಡಿದು ನೋಡತಕ್ಕದ್ದು. ಗಾಯವಿದ್ದರೆ ಉಪ್ಪು ಬೆರೆಸಿದ ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಮರುದಿನ ಬೆಳಿಗ್ಗೆ ಸಮೀಪದ ದನದ ದವಾಖಾನೆಗೆ ತೋರಿಸಬೇಕು.