ಘಟಪ್ರಭೆಗೆ ಸ್ವರ ಹಾಕುವವರಿಗೆ ಆರು ಸೂತ್ರಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕೂತು ವಾದ್ಯವೃಂದಕ್ಕೆ ಮೊದಲ ಕೃತಿ ಬರೆಯುವ ಆಸೆಯೇ? ವಸ್ತು ಹುಡುಕಿಕೊಂಡು ದೂರ ಹೋಗಬೇಡಿ. ಮನೆ ಮುಂದೆಯೇ ಹೊಳೆ ಇದೆ.

1. ಹೊಳೆಯ ದಾರಿಯೇ ಕೃತಿಯ ಹಂದರವಾಗಲಿ. ಚೆಕ್ ಸಂಯೋಜಕ ಸ್ಮೆತಾನ 1874ರಲ್ಲಿ ವ್ಲ್ತಾವಾ ನದಿಯ ಮೇಲೆ ಬರೆದಾಗ, ಅದರ ಎರಡು ತೊರೆಗಳಲ್ಲಿ ಒಂದನ್ನು ಕೊಳಲಿಗೆ, ಇನ್ನೊಂದನ್ನು ಕ್ಲಾರಿನೆಟ್‌ಗೆ ಒಪ್ಪಿಸಿದ. ನಮ್ಮಲ್ಲಿ ಹುಕ್ಕೇರಿ ತಾಲ್ಲೂಕಿನ ಹಿರಣ್ಯಕೇಶಿ ಘಟಪ್ರಭೆಗೆ ಕೂಡುತ್ತದೆ, ಗೋಕಾಕದ ಬಳಿ ಮಾರ್ಕಂಡೇಯ ಬಂದು ಸೇರುತ್ತದೆ. ಒಂದೊಂದಕ್ಕೂ ಒಂದೊಂದು ಧಾಟಿ ಕೊಡಿ. ಹಿಡಕಲ್‌ನಲ್ಲಿ ನಿಂತ ನೀರು, ಧುಪದಾಳದಲ್ಲಿ ಹಕ್ಕಿಗಳು, ಗೋಕಾಕದಲ್ಲಿ ಧುಮುಕುವ ಧಾರೆ, ಮೂಡಲಗಿ ಬಯಲಲ್ಲಿ ಕಬ್ಬಿನ ನಡುವಿನ ನಿಧಾನ ನಡಿಗೆ: ನಾಲ್ಕು ಭಾಗಗಳು ಸಿದ್ಧವಾಗಿಯೇ ಇವೆ.

2. ಎರಡು ಕಾಲದಲ್ಲಿ ಕೇಳಿ. ಮಳೆಗಾಲದಲ್ಲಿ ಗೋಕಾಕ ಜಲಪಾತದ 52 ಮೀಟರ್ ಎತ್ತರದಿಂದ ಕೆಂಪು ನೀರು ಬೀಳುವಾಗ ತೂಗುಸೇತುವೆಯ ಮೇಲೆ ಪಕ್ಕದವರ ಮಾತೂ ಕೇಳಿಸದು. ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ, ಸಂದಿಯಲ್ಲಿ ಸಣ್ಣ ಸದ್ದು. ಆ ಸಣ್ಣ ಸದ್ದನ್ನು ಹಿಡಿಯುವುದೇ ಕಷ್ಟ, ಕೃತಿ ಗೆಲ್ಲುವುದೂ ಅಲ್ಲೇ.

3. ಅಬ್ಬರವನ್ನು ಕಾಯ್ದಿಡಿ. 1808ರಲ್ಲಿ ನುಡಿಸಿದ ‘ಪ್ಯಾಸ್ಟೋರಲ್’ ಸಿಂಫನಿಯಲ್ಲಿ ಬೆಥೋವನ್ ನಾಲ್ಕನೆಯ ಭಾಗದ ಬಿರುಮಳೆ ಬರುವವರೆಗೆ ಟಿಂಪನಿಯನ್ನು ಮುಟ್ಟುವುದೇ ಇಲ್ಲ. ಹಕ್ಕಿಗಳ ದನಿಯೂ ಎರಡನೆಯ ಭಾಗದ ಕೊನೆಗೆ ಒಂದಿಷ್ಟೇ ಹೊತ್ತು. ಮೊದಲ ನಿಮಿಷದಲ್ಲೇ ಡೋಲು ಬಾರಿಸಿಬಿಟ್ಟರೆ ಜಲಪಾತಕ್ಕೆ ಉಳಿಯುವುದೇನು?

4. ಊರಿನ ಲಯವನ್ನು ಒಳಗೆ ತನ್ನಿ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಬಯಲಾಟ ಈ ನೆಲದ್ದು. ಅದನ್ನು ಮನೆಮಾತು ಮಾಡಿದ ಕೌಜಲಗಿ ನಿಂಗಮ್ಮನೂ ಇಲ್ಲಿಯವರೇ. ಕರಡಿ ಮಜಲು ವಾದ್ಯಮೇಳದ ಬಿರುಸು ನಿಮಗೆ ಗೊತ್ತೇ ಇದೆ. ಇವನ್ನು ನಡುವೆ ಎಲ್ಲೋ ತೇಪೆ ಹಾಕಬೇಡಿ. ಕರಡಿಯ ಗತಿಯನ್ನು ಚೆಲ್ಲೋಗಳ ಕೈಗೆ ಕೊಟ್ಟು ನೋಡಿ.

5. ಕಂಪ್ಯೂಟರನ್ನು ಪೂರ್ತಿ ನಂಬಬೇಡಿ. ಅದಕ್ಕೆ ಉಸಿರು ಕಟ್ಟುವುದಿಲ್ಲ, ಕೊಳಲು ನುಡಿಸುವವರಿಗೆ ಕಟ್ಟುತ್ತದೆ. ಪ್ರತಿ ವಾದ್ಯದವರನ್ನೂ ಭೇಟಿಯಾಗಿ, ಬರೆದ ಸಾಲನ್ನು ನುಡಿಸಿಸಿ, ಅವರು ಬೇಡವೆಂದದ್ದನ್ನು ತಿದ್ದಿ. ಒಬ್ಬೊಬ್ಬರ ಸ್ವರಲಿಪಿಯನ್ನೂ ತಾಲೀಮಿಗೆ ಬಹಳ ಮೊದಲೇ ತಲುಪಿಸಿ.

6. ಅವಸರ ಬೇಡ, ಅಂಜಿಕೆಯೂ ಬೇಡ. ಬೆಂಗಳೂರಿನ ಸಂಯೋಜಕ ರಿಕಿ ಕೇಜ್ ಅವರ ‘ವಿಂಡ್ಸ್ ಆಫ್ ಸಂಸಾರ’ ಆಲ್ಬಮ್‌ಗೆ 2015ರಲ್ಲಿ, ‘ಡಿವೈನ್ ಟೈಡ್ಸ್’ಗೆ 2022ರಲ್ಲಿ ಗ್ರ್ಯಾಮಿ ಬಂತು. ‘ವೈಲ್ಡ್ ಕರ್ನಾಟಕ’ ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ. ಪಣ್ಣೈಪುರಂ ಎಂಬ ಹಳ್ಳಿಯಿಂದ ಬಂದ ಇಳಯರಾಜಾ ಅವರ ‘ವೇಲಿಯಂಟ್’ ಸಿಂಫನಿ ಲಂಡನ್ನಿನ ವೇದಿಕೆ ಏರಿದ್ದು 2025ರ ಮಾರ್ಚ್ 8ರಂದು, ಅವರ 81ನೇ ವಯಸ್ಸಿನಲ್ಲಿ.

ಮುಂಬೈ, ಬೆಂಗಳೂರಿನ ಸಭಾಂಗಣ ಸಿಕ್ಕರೆ ಸಂತೋಷ. ಆದರೆ ಒಂದು ಪ್ರಯೋಗವನ್ನು ಗೋಕಾಕದಲ್ಲೇ ಇಟ್ಟುಕೊಳ್ಳಿ, ಹೊಳೆದಂಡೆಯ ಊರುಗಳ ಜನರನ್ನು ಕರೆಯಿರಿ. ಪ್ರವಾಹವನ್ನೂ ಬರವನ್ನೂ ಕಂಡ ಅವರು ತಲೆದೂಗಿದರೆ ಆ ಕೃತಿಗೆ ಬೇರೆ ವಿಮರ್ಶಕರು ಬೇಕಿಲ್ಲ.